ಮನೆಯಲ್ಲೇ ಪದ್ಮಿನಿ ಎಂಜಿನ್ ಇಳಿಸಬೇಕು: ಚೈನ್ ಬ್ಲಾಕಾ, ಎಂಜಿನ್ ಕ್ರೇನಾ? ಬಜೆಟ್ 10 ಸಾವಿರ

ಅಪ್ಪನ_ಪದ್ಮಿನಿ · ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1983ರ ಪ್ರೀಮಿಯರ್ ಪದ್ಮಿನಿ ಇದೆ. ಅಪ್ಪ ಕೊಂಡಿದ್ದು, ಕೊನೆಯವರೆಗೂ ಅವರೇ ಓಡಿಸಿದ್ದು. ಈಗ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ ಬರುತ್ತಿದೆ. ಪ್ಲಗ್ ಬಿಚ್ಚಿದರೆ ಎಣ್ಣೆ ಹತ್ತಿರುತ್ತೆ. ಎರಡು ಸಿಲಿಂಡರ್‌ಗಳಲ್ಲಿ ಕಂಪ್ರೆಷನ್ ತುಂಬಾ ಕಮ್ಮಿ. ಪಿಸ್ಟನ್ ರಿಂಗ್ ಹೋಗಿದೆ, ಬೋರಿಂಗ್ (ಸವೆದ ಸಿಲಿಂಡರ್ ಅನ್ನು ದೊಡ್ಡ ಅಳತೆಗೆ ಕೊರೆಯೋದು) ಆಗಲೇಬೇಕು. ಅಂದ್ರೆ ಎಂಜಿನ್ ಮೇಲೆತ್ತಿ ಕಾರಿನಿಂದ ಇಳಿಸಬೇಕು.

ಗ್ಯಾರೇಜಿಗೆ ಕೊಡಿ ಅಂತ ದಯವಿಟ್ಟು ಹೇಳಬೇಡಿ. ಮೂರು ವರ್ಷದ ಹಿಂದೆ ಒಂದು ಕಡೆ ಕೊಟ್ಟಿದ್ದೆ. ಐದು ತಿಂಗಳು ಮಳೆಯಲ್ಲಿ ನಿಂತಿತ್ತು. ವಾಪಸ್ ಬಂದಾಗ ಒರಿಜಿನಲ್ ಕಾರ್ಬ್ಯುರೇಟರ್ ಜಾಗದಲ್ಲಿ ಬೇರೆ ಯಾವುದೋ ಕೂತಿತ್ತು. ಅಪ್ಪ ಬಾನೆಟ್‌ನ ಒಳಬದಿಯಲ್ಲಿ ಪೆನ್ಸಿಲ್‌ನಿಂದ ಎಣ್ಣೆ ಬದಲಾಯಿಸಿದ ತಾರೀಕು ಬರೆದಿಡುತ್ತಿದ್ದರು. ಹದಿನೈದು ಇಪ್ಪತ್ತು ಸಾಲು ಇದ್ದವು. ಅದರ ಮೇಲೆ ಬಣ್ಣ ಹೊಡೆದುಬಿಟ್ಟಿದ್ದರು. ಇನ್ನು ಈ ಗಾಡಿ ಮನೆ ಗೇಟ್ ದಾಟಿ ಹೋಗಲ್ಲ. ಎಂಜಿನ್ ಬ್ಲಾಕ್ (ಸಿಲಿಂಡರ್‌ಗಳಿರುವ ಕಬ್ಬಿಣದ ಭಾಗ) ಮಾತ್ರ ಬೋರಿಂಗ್‌ಗೆ ಹೋಗುತ್ತೆ, ಅದೂ ನಾನು ಪಕ್ಕದಲ್ಲಿ ನಿಂತಿರುವಾಗ.

ಸ್ಪ್ಯಾನರ್, ಸಾಕೆಟ್, ಎರಡು ಜಾಕ್, ನಾಲ್ಕು ಸ್ಟ್ಯಾಂಡ್ ಇವೆ. ಎತ್ತೋದಕ್ಕೆ ಏನೂ ಇಲ್ಲ. ಮೇಲೆ ನೇತು ಹಾಕಿ, ಕೈಯಿಂದ ಚೈನ್ ಎಳೆದು ಎತ್ತುವ ಚೈನ್ ಬ್ಲಾಕ್ ತರಲಾ ಅಂತ ಯೋಚನೆ. ಮಡಚುವ 2 ಟನ್ ಎಂಜಿನ್ ಕ್ರೇನ್ ವಿಚಾರಿಸಿದೆ, 24 ಸಾವಿರ ಹೇಳಿದರು. ಬಜೆಟ್ 10 ಸಾವಿರ. ಪೋರ್ಟಿಕೊ ಇದೆ, ಕೆಂಪು ರೆಡ್ ಆಕ್ಸೈಡ್ ನೆಲ, ಮೋಲ್ಡ್‌ನಲ್ಲಿ ಫ್ಯಾನ್ ಕೊಕ್ಕೆ ಒಂದು ಇದೆ. ಮುಂದೆ ಮಣ್ಣಿನ ಅಂಗಳ. ಏನು ಮಾಡಲಿ?

ಹಾಸನ_ಹುಡುಗ

ಜೆಸಿಬಿ ಕರೆಸಿ ಬ್ರೋ. ಒಂದು ಗಂಟೆ ಬಾಡಿಗೆ. ಬಕೆಟ್‌ಗೆ ಚೈನ್ ಕಟ್ಟಿ ಎತ್ತಿದ್ರೆ ಐದು ನಿಮಿಷದ ಕೆಲಸ.

ಗ್ರೀಸ್_ಕೈ · ಬೆಂಗಳೂರು

ಜೆಸಿಬಿ ಬೇಡವೇ ಬೇಡ. ಎಂಜಿನ್ ಇಳಿಸುವಾಗ ಅರ್ಧ ಇಂಚು ಮೇಲೆ, ಕಾಲು ಇಂಚು ಹಿಂದೆ, ಹೀಗೆ ಆಡಿಸಬೇಕು. ಜೆಸಿಬಿ ಲಿವರ್ ಮುಟ್ಟಿದರೆ ನಾಲ್ಕು ಇಂಚು ಹಾರುತ್ತೆ. ರೇಡಿಯೇಟರ್ ಮುಂದಿನ ಪಟ್ಟಿ ಬಾಗುತ್ತೆ, ಇಲ್ಲ ಎಂಜಿನ್ ಹಿಂದಿನ ತಗಡಿನ ಗೋಡೆಗೆ (ಫೈರ್‌ವಾಲ್) ಬಡಿಯುತ್ತೆ. ಮತ್ತೆ ವಾಪಸ್ ಕೂರಿಸೋದಕ್ಕೂ ಜೆಸಿಬಿ ಕರೆಸ್ತೀರಾ?

ಮೈಸೂರಿನವರೇ, ಫ್ಯಾನ್ ಕೊಕ್ಕೆ ಮಾತು ಇಲ್ಲಿಗೇ ಬಿಡಿ. ಅದು ಫ್ಯಾನ್‌ಗೆ ಮಾತ್ರ. 90ರ ದಶಕದಲ್ಲಿ ನಾನು ಕೆಲಸ ಕಲಿತ ಶೆಡ್‌ನಲ್ಲಿ ಒಬ್ಬರು ಕೊಕ್ಕೆಗೆ ಹಗ್ಗ ಹಾಕಿ ಎತ್ತಿದರು. ಕೊಕ್ಕೆ ಉಳಿಯಿತು, ನೈಲಾನ್ ಹಗ್ಗ ಸಂಪ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಅಂಚಿಗೆ ಉಜ್ಜಿ ಕತ್ತರಿಸಿತು. ಎಂಜಿನ್ ಒಂದೂವರೆ ಅಡಿಯಿಂದ ಬಿತ್ತು. ಕೆಳಗೆ ಯಾರ ಕಾಲೂ ಇರಲಿಲ್ಲ, ಅದೊಂದೇ ಪುಣ್ಯ. ಸಂಪ್ ಚಪ್ಪಟೆ, ಕ್ಲಚ್ ಮುಚ್ಚುವ ಬೆಲ್ ಹೌಸಿಂಗ್ ಸೀಳಿತ್ತು. ಆ ಶಬ್ದ ನನಗೆ ಇವತ್ತೂ ನೆನಪಿದೆ.

ಹೊಸ_ಸ್ಪ್ಯಾನರ್

ಪದ್ಮಿನಿ ಎಂಜಿನ್ ಎಷ್ಟು ತೂಕ ಇರುತ್ತೆ? ನಾಲ್ಕು ಜನ ಸೇರಿದ್ರೆ ಕೈಯಲ್ಲೇ ಎತ್ತಬಹುದು ಅಂತಾರಲ್ಲ?

ಗ್ರೀಸ್_ಕೈ · ಬೆಂಗಳೂರು

ನೆಲದ ಮೇಲೆ ಇದ್ದರೆ ನಾಲ್ಕು ಜನ ಎತ್ತಬಹುದು. ಬಾನೆಟ್ ಒಳಗೆ ಬಗ್ಗಿ ಎತ್ತೋಕೆ ಆಗಲ್ಲ, ಸೊಂಟ ಹೋಗುತ್ತೆ. 1089 ಸಿಸಿ ಪುಟ್ಟ ಎಂಜಿನ್. ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ನೂರು ಕೆಜಿ ಮೇಲೆ ಅಂತ ಇಟ್ಟುಕೊಳ್ಳಿ. ಆದರೆ ಸಾಮಾನು ಆರಿಸುವಾಗ 250 ಕೆಜಿ ಅಂತ ಲೆಕ್ಕ ಹಾಕಿ. ಎಲ್ಲೋ ಸಿಕ್ಕಿಕೊಂಡು ಎಳೆದಾಗ ಚೈನ್ ಮೇಲೆ ಬೀಳೋದು ಬರೀ ಎಂಜಿನ್ ತೂಕ ಅಲ್ಲ.

ಅಂಬಿ_ಮಾರ್ಕ್2 · ಮಂಗಳೂರು

ನನ್ನ ಮಾತು ಕೇಳಿ ಮಾರಾಯ್ರೆ, ಕ್ರೇನ್ ತಗೊಳ್ಳಿ. ನಾವು ನಾಲ್ಕು ಜನ ಹಳೆ ಗಾಡಿಯವರು ಸೇರಿ ಒಂದು ತಗೊಂಡೆವು. 26 ಸಾವಿರ ಆಯಿತು, ತಲೆಗೆ ಆರೂವರೆ. ಒಬ್ಬರ ಮನೆಯಿಂದ ಒಬ್ಬರ ಮನೆಗೆ ಹೋಗ್ತಾ ಇರುತ್ತದೆ. ನನ್ನ ಅಂಬಾಸಿಡರ್‌ನ 1489 ಸಿಸಿ ಎಂಜಿನ್‌ನಲ್ಲಿ ಬ್ಲಾಕೂ ಕಬ್ಬಿಣ, ಹೆಡ್ಡೂ ಕಬ್ಬಿಣ. ಅದನ್ನೇ ಇಬ್ಬರು ಸೇರಿ ಎರಡು ಸಲ ಇಳಿಸಿ ಹತ್ತಿಸಿದ್ದೇವೆ. ಪಂಪ್ ಒತ್ತಿದರೆ ಏರುತ್ತದೆ, ವಾಲ್ವ್ ಸಡಿಲ ಮಾಡಿದರೆ ಮೆಲ್ಲ ಇಳಿಯುತ್ತದೆ. ಕಾರು ಅಲ್ಲಾಡಿಸುವ ಅಗತ್ಯವೇ ಇಲ್ಲ, ಕ್ರೇನನ್ನೇ ಹಿಂದಕ್ಕೆ ಎಳೆದರೆ ಆಯಿತು. 2 ಟನ್ ಕ್ರೇನ್, 2 ಟನ್ ಎತ್ತುತ್ತದೆ. ಭಯ ಯಾಕೆ?

ಸಿವಿಲ್_ಲೆಕ್ಕ · ದಾವಣಗೆರೆ

2 ಟನ್ ಕ್ರೇನ್ ಯಾವಾಗಲೂ 2 ಟನ್ ಎತ್ತಲ್ಲ ಸರ್. ತೋಳಿನ ಮೇಲೆ ತೂತುಗಳಿರುತ್ತವೆ ನೋಡಿ. ತೋಳು ಪೂರ್ತಿ ಒಳಗಿದ್ದಾಗ ಮಾತ್ರ 2 ಟನ್. ಪೂರ್ತಿ ಹೊರಗೆ ಎಳೆದರೆ ಸಾಮಾನ್ಯವಾಗಿ ಅರ್ಧ ಟನ್. ಕಾರಿನ ಮೂಗಿನ ಮೇಲಿಂದ ಎಂಜಿನ್ ಮುಟ್ಟಬೇಕು ಅಂದ್ರೆ ತೋಳು ಬಹಳಷ್ಟು ಸಲ ಹೊರಗೇ ಇರುತ್ತೆ. ಅರ್ಧ ಟನ್ ಪದ್ಮಿನಿಗೆ ಸಾಕು, ಅದು ಬೇರೆ ಮಾತು. ಆದರೆ ಹೊಸಬರು ಓದ್ತಾರೆ, ಅದಕ್ಕೆ ಹೇಳಿದೆ.

ಅಂಬಿ_ಮಾರ್ಕ್2 · ಮಂಗಳೂರು

ಸರಿ, ಅದು ಒಪ್ಪಿದೆ. ತೂತಿನ ಪಕ್ಕ ಸ್ಟಿಕರ್‌ನಲ್ಲಿ ಬರೆದೇ ಇದೆ. ನಾನು ತೋಳು ಮೂರನೇ ತೂತಿನಲ್ಲಿ ಇಟ್ಟು ಎತ್ತಿದ್ದು.

ಕೆಂಪು_ಫಿಯಟ್ · ಹುಬ್ಬಳ್ಳಿ

ಕ್ರೇನ್ ಬಗ್ಗೆ ಯಾರೂ ನೆಲದ ಮಾತು ಎತ್ತಲಿಲ್ಲ. ನಾನು ಮತ್ತು ನಮ್ಮ ಅಪ್ಪಾಜಿ 2019ರಲ್ಲಿ ನಮ್ಮ ಫಿಯಟ್ ಎಂಜಿನ್ ತೆಗೆದೆವು. ಕ್ರೇನ್ ಒಬ್ಬರಿಂದ ಎರವಲು ತಂದಿದ್ದೆವು. ಅದರ ಗಾಲಿ ನಮ್ಮ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣವು. ಸಿಮೆಂಟ್ ನೆಲದಲ್ಲಿ ಚಂದ ಉರುಳುತ್ತವೆ. ನಮ್ಮ ಹಿತ್ತಲಲ್ಲಿ ಕರಿಮಣ್ಣು. ಎಂಜಿನ್ ಗಾಳಿಯಲ್ಲಿ ತೂಗುತ್ತಿರುವಾಗ ಮುಂದಿನ ಎರಡು ಗಾಲಿ ಮಣ್ಣಲ್ಲಿ ಕೂತವು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕೊನೆಗೆ ಎಂಜಿನ್ ವಾಪಸ್ ಇಳಿಸಿ, ಹಳೆ ಬಾಗಿಲಿನ ಹಲಗೆ ಎರಡು ಹಾಸಿ, ಮತ್ತೆ ಎತ್ತಿದೆವು. ಅರ್ಧ ದಿನ ಅಲ್ಲೇ ಹೋಯಿತು.

ಪೋರ್ಟಿಕೊ ನೆಲ ರೆಡ್ ಆಕ್ಸೈಡ್ ಅಂದ್ರಿ. ಕ್ರೇನ್ ಗಾಲಿ ಕಬ್ಬಿಣದ್ದು. ಅಂಥ ನೆಲದ ಮೇಲೆ ಗೀರು ಬೀಳುತ್ತೆ, ಒಮ್ಮೆ ಯೋಚಿಸಿ.

ಅಪ್ಪನ_ಪದ್ಮಿನಿ · ಮೈಸೂರು

ಅಕ್ಕ, ನೆಲದ ಮಾತು ಹೇಳಿದ್ದು ಒಳ್ಳೇದಾಯ್ತು. ಅದು ಅಜ್ಜಿ ಕಾಲದ ನೆಲ, ಅಮ್ಮ ಇವತ್ತಿಗೂ ಒರೆಸಿ ಹೊಳೆಯೋ ಹಾಗೆ ಇಟ್ಟಿದ್ದಾರೆ. ಹಾಗಾದ್ರೆ ಅಂಗಳವೇ ಗತಿ. ಅಂಗಳ ಮಣ್ಣು, ಅಂದ್ರೆ ಕ್ರೇನ್ ಆಗಲ್ಲ. ಚೈನ್ ಬ್ಲಾಕ್ ತಗೊಂಡ್ರೆ ಯಾವುದಕ್ಕೆ ನೇತು ಹಾಕೋದು? ಒಂದು ಮಾವಿನ ಮರ ಇದೆ, ಕೊಂಬೆ ತೊಡೆ ದಪ್ಪ ಇದೆ.

ಹಾಸನ_ಹುಡುಗ

ಮರಕ್ಕೆ ಹಾಕಿ, ನಮ್ಮೂರಲ್ಲಿ ಟ್ರ್ಯಾಕ್ಟರ್ ಎಂಜಿನ್ನೇ ಮರಕ್ಕೆ ಹಾಕಿ ಎತ್ತಿದ್ದಾರೆ.

ಗ್ರೀಸ್_ಕೈ · ಬೆಂಗಳೂರು

ಹಲಸಿನ ಮರ, ಹುಣಸೆ ಮರ ಆದರೆ ಒಂದು ಮಾತು. ಮಾವಿನ ಕೊಂಬೆ ಹೊರಗೆ ಗಟ್ಟಿ ಕಂಡರೂ ಒಳಗೆ ಹುಳ ಹೊಕ್ಕಿರುತ್ತೆ, ಗೊತ್ತೇ ಆಗಲ್ಲ. ಮರ ನಂಬಬೇಡಿ.

ಸಿವಿಲ್_ಲೆಕ್ಕ · ದಾವಣಗೆರೆ

ಎರಡು ದಾರಿ ಇದೆ. ಒಂದು ಗ್ಯಾಂಟ್ರಿ, ಅಂದ್ರೆ ಎರಡು ಕಡೆ ಕಾಲು, ಮೇಲೆ ಅಡ್ಡ ಗರ್ಡರ್. ಇನ್ನೊಂದು ಮೂರು ಕಾಲಿನ ತ್ರಿಪಾಡ್.

ಗ್ಯಾಂಟ್ರಿಗೆ ಜನ ಸುಮ್ನೆ ದೊಡ್ಡ ಗರ್ಡರ್ ತರ್ತಾರೆ. 3 ಮೀಟರ್ ಉದ್ದದ ಐಎಸ್‌ಎಂಬಿ 100 (100 ಮಿಮೀ ಎತ್ತರದ ಐ ಆಕಾರದ ಉಕ್ಕಿನ ತೊಲೆ) ಗರ್ಡರ್‌ನ ನಡುವೆ 250 ಕೆಜಿ ನೇತು ಹಾಕಿದರೆ, ಉಕ್ಕಿನಲ್ಲಿ ಹುಟ್ಟುವ ಒತ್ತಡ ಅದು ತಡೆಯಬಲ್ಲ ಮಿತಿಯ ನಾಲ್ಕನೇ ಒಂದು ಭಾಗವೂ ಆಗಲ್ಲ. ಗರ್ಡರ್ ಮುರಿಯಲ್ಲ. ಬೀಳೋದು ಕಾಲುಗಳು. ಪಕ್ಕಕ್ಕೆ ವಾಲದ ಹಾಗೆ ಎರಡೂ ಕಡೆ ಎ ಆಕಾರದ ಕಾಲು, ಮೂಲೆಗೆ ಅಡ್ಡಪಟ್ಟಿ ಬೇಕು. ಕಬ್ಬಿಣ, ವೆಲ್ಡಿಂಗ್, ಕೂಲಿ ಸೇರಿದರೆ ನಿಮ್ಮ 10 ಸಾವಿರ ಅಲ್ಲೇ ಮುಗಿಯುತ್ತೆ. ಚೈನ್ ಬ್ಲಾಕ್‌ಗೆ ಏನೂ ಉಳಿಯಲ್ಲ.

ತ್ರಿಪಾಡ್ ಲೆಕ್ಕ ಹೀಗೆ. 10 ಅಡಿಯ 2 ಇಂಚಿನ ಬಿ ಕ್ಲಾಸ್ (ಮಧ್ಯಮ ದಪ್ಪದ) ಜಿಐ ಪೈಪ್ ಮೂರು. ಪ್ರತಿ ಕಾಲನ್ನೂ ನಡುವಿನಿಂದ 1.4 ಮೀಟರ್ ದೂರ ಇಟ್ಟರೆ ತುದಿ 2.7 ಮೀಟರ್ ಎತ್ತರ ನಿಲ್ಲುತ್ತೆ. ಕಾಲಿಂದ ಕಾಲಿಗೆ 2.4 ಮೀಟರ್ ಜಾಗ ಸಿಗುತ್ತೆ. ಪದ್ಮಿನಿ ಅಗಲ ಒಂದೂವರೆ ಮೀಟರ್‌ಗಿಂತ ಸ್ವಲ್ಪ ಕಮ್ಮಿ. ಎರಡು ಕಾಲು ಕಾರಿನ ಎರಡು ಪಕ್ಕ, ಒಂದು ಕಾಲು ಬಂಪರ್ ಮುಂದೆ. ಎಂಜಿನ್ ಎತ್ತಿ, ಕಾರನ್ನು ಹಿಂದಕ್ಕೆ ತಳ್ಳಿ. ಕಾರು ಎರಡು ಕಾಲುಗಳ ನಡುವೆ ಆರಾಮಾಗಿ ಹೋಗುತ್ತೆ.

ಪೈಪ್ ಬಾಗುತ್ತೆ ಅಂತ ಹೆದರಬೇಡಿ, ಅದಕ್ಕೆ ಈ ಭಾರ ಏನೂ ಅಲ್ಲ. ಹೆದರಬೇಕಾದ್ದು ಕಾಲು ಜಾರೋದಕ್ಕೆ. 250 ಕೆಜಿ ಹಾಕಿದರೆ ಪ್ರತಿ ಕಾಲನ್ನೂ ಹೊರಕ್ಕೆ ತಳ್ಳುವ ಬಲ 43 ಕೆಜಿ ಆಸುಪಾಸು. ನುಣ್ಣಗಿನ ನೆಲದಲ್ಲಿ ಜಾರಿಬಿಡುತ್ತೆ. ಮಣ್ಣಲ್ಲಿ ಅರ್ಧ ಅಡಿ ಗುಂಡಿ ತೋಡಿ, ಅಡಿಗೆ ಕಡಪ ಕಲ್ಲಿನ ಚೂರು ಇಟ್ಟು ಕಾಲು ಊರಿ. ಅದರ ಜೊತೆಗೆ ಮೂರೂ ಕಾಲನ್ನು ಕೆಳಗಡೆ ಚೈನ್‌ನಿಂದ ಸುತ್ತ ಕಟ್ಟಿ. ಎರಡೂ ಮಾಡಿ, ಒಂದೇ ಸಾಕು ಅಂದುಕೊಳ್ಳಬೇಡಿ. ಕಾರು ಹಿಂದೆ ಹೋಗೋ ಕಡೆಯ ಚೈನ್ ನೆಲಕ್ಕೆ ಹತ್ತಿಕೊಂಡಿರಲಿ, ಗಾಲಿ ಮೇಲೆ ಹತ್ತಿ ಹೋಗುತ್ತೆ.

ಕೊಳವೆಬಾವಿ · ಶಿರಾ

ಇಷ್ಟೊತ್ತು ಓದ್ತಾ ಇದ್ದೆ. ಅಣ್ಣಾ, ಪೈಪ್ ಯಾಕೆ ಕೊಳ್ತೀರಾ? ನಮ್ಮದು ಬೋರ್‌ವೆಲ್ ಮೋಟರ್ ಎತ್ತುವ ಕೆಲಸ, ಅಪ್ಪನ ಕಾಲದಿಂದ. 400 ಅಡಿಗೆ 2 ಇಂಚಿನ ಜಿಐ ಪೈಪ್ ಇಳಿಸಿದ್ರೆ ಪೈಪಿನ ತೂಕವೇ 600 ಕೆಜಿ. ಅದರ ಒಳಗಿನ ನೀರು, ಮೋಟರ್, ಕೇಬಲ್ ಬೇರೆ. ಅಷ್ಟನ್ನೂ ತ್ರಿಪಾಡ್, ಚೈನ್ ಬ್ಲಾಕ್‌ನಲ್ಲೇ ಎತ್ತಿದ್ದೀವಿ. ನಿಮ್ಮ ಕಾರಿನ ಎಂಜಿನ್ ಅದರ ಮುಂದೆ ಏನೂ ಅಲ್ಲ.

ಈಗ ಎಲ್ಲಾ ಕಡೆ ಗಾಡಿ ಮೇಲೆ ಕೂರಿಸಿದ ಮಷೀನ್ ಬಂದಿದೆ. ಹಳೆ ತ್ರಿಪಾಡ್‌ಗಳು ಮೂಲೆಯಲ್ಲಿ ಬಿದ್ದಿವೆ. ಮೈಸೂರು ಸುತ್ತ ಟಿ. ನರಸೀಪುರ ಕಡೆ, ನಂಜನಗೂಡು ಕಡೆ ಯಾವುದಾದ್ರೂ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೇಳಿ. "ಮೋಟರ್ ಎತ್ತೋ ತ್ರಿಪಾಡ್ ಎರಡು ದಿನಕ್ಕೆ ಬಾಡಿಗೆಗೆ ಬೇಕು" ಅನ್ನಿ. ಕೊಡ್ತಾರೆ. ಮೂರು ಕಾಲೂ ಸೇರುವ ತಲೆಯ ಪಿನ್ ಮಾತ್ರ ಬಿಚ್ಚಿ ನೋಡಿ. ಸವೆದು ಸೊಂಟ ಸಣ್ಣ ಆಗಿದ್ರೆ ಹೊಸ ಪಿನ್ ಹಾಕಿಸಿ, ಲೇತ್‌ನಲ್ಲಿ ಇನ್ನೂರು ಮುನ್ನೂರಕ್ಕೆ ಆಗುತ್ತೆ.

ಅಪ್ಪನ_ಪದ್ಮಿನಿ · ಮೈಸೂರು

ಅಣ್ಣ, ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ತುಂಬಾ ಥ್ಯಾಂಕ್ಸ್. ನಾಳೆಯೇ ವಿಚಾರಿಸ್ತೀನಿ. ಚೈನ್ ಬ್ಲಾಕೂ ಅವರ ಹತ್ರನೇ ಬಾಡಿಗೆಗೆ ತರಲಾ?

ಕೊಳವೆಬಾವಿ · ಶಿರಾ

ತರಬಹುದು. ಆದ್ರೆ ನಾನಾಗಿದ್ರೆ ಬ್ಲಾಕ್ ಹೊಸದು ಕೊಳ್ತೀನಿ. ಕೆಸರು, ನೀರು, ಬಿಸಿಲಲ್ಲಿ ಇಪ್ಪತ್ತು ವರ್ಷ ದುಡಿದ ಬ್ಲಾಕ್ ಒಳಗೆ ಏನಾಗಿದೆ ಅಂತ ಹೊರಗಿಂದ ಗೊತ್ತಾಗಲ್ಲ. ತ್ರಿಪಾಡ್ ಕಣ್ಣಿಗೆ ಕಾಣುತ್ತೆ, ಬ್ಲಾಕ್ ಒಳಗಿನ ಬ್ರೇಕ್ ಕಾಣಲ್ಲ.

ದೂರದೇಶ · ಮಿಷಿಗನ್

ಊರು ಶಿವಮೊಗ್ಗ. ಇಲ್ಲಿ ಬಾಡಿಗೆ ಅಂಗಡಿಯಲ್ಲಿ ಎಂಜಿನ್ ಕ್ರೇನ್ ದಿನದ ಲೆಕ್ಕದಲ್ಲಿ ಸಿಗುತ್ತೆ. ಊರಲ್ಲೂ ಯಾರಾದರೂ ಹಾಗೆ ಇಟ್ಟರೆ ಚೆನ್ನಾಗಿರುತ್ತೆ ಅಂತ ಎಷ್ಟೋ ಸಲ ಅನ್ನಿಸಿದೆ. ಬೋರ್‌ವೆಲ್ ತ್ರಿಪಾಡ್ ಐಡಿಯಾ ಓದಿ ಖುಷಿ ಆಯ್ತು. ಅಪ್ಪನ ಹತ್ರ 80ರ ದಶಕದಲ್ಲಿ ಬಿಳಿ ಪದ್ಮಿನಿ ಇತ್ತು, ಸ್ಟಿಯರಿಂಗ್ ಪಕ್ಕದ ಗೇರ್ ಹಾಕೋದನ್ನ ನೋಡ್ತಾ ಮುಂದಿನ ಸೀಟಿನ ನಡುವೆ ಕೂರುತ್ತಿದ್ದೆ.

ಕೆಂಪು_ಫಿಯಟ್ · ಹುಬ್ಬಳ್ಳಿ

ಮುಂಬೈಯಲ್ಲಿ 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದಾಗ ಅಪ್ಪಾಜಿ ಆ ಸುದ್ದಿಯ ಪೇಪರ್ ತುಂಡು ಕತ್ತರಿಸಿ ಗ್ಲೋವ್ ಬಾಕ್ಸ್‌ನಲ್ಲಿ ಇಟ್ಟಿದ್ದಾರೆ. ಅದಿನ್ನೂ ಅಲ್ಲೇ ಇದೆ.

ಹೊಸ_ಸ್ಪ್ಯಾನರ್

ಒಂದು ಡೌಟು. 1983ರ ಗಾಡಿಗೆ ವಿಂಟೇಜ್ ನಂಬರ್ ಮಾಡಿಸಬಹುದಲ್ವಾ? ಆಗ ಆರ್‌ಟಿಒ ತಲೆನೋವೇ ಇರಲ್ಲ.

ಅಂಬಿ_ಮಾರ್ಕ್2 · ಮಂಗಳೂರು

ಆಗುವುದಿಲ್ಲ. 2021ರ ನಿಯಮದ ಪ್ರಕಾರ 50 ವರ್ಷ ಆಗಿರಬೇಕು. ಆಗ ನಂಬರ್‌ನಲ್ಲಿ "ವಿಎ" ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20 ಸಾವಿರ ಫೀಸು, 10 ವರ್ಷ ನಡೆಯುತ್ತದೆ. ದಿನಾ ಓಡಿಸುವ ಹಾಗೂ ಇಲ್ಲ. ಇವರ ಗಾಡಿಗೆ ಮಾಮೂಲಿ ಆರ್‌ಸಿ ರಿನ್ಯೂವಲ್ಲೇ.

ಆರ್‌ಟಿಒ ಮಾತು ಬಂತಲ್ಲ, ಇನ್ನೊಂದು. ಎಂಜಿನ್ ಬ್ಲಾಕ್ ಬೋರಿಂಗ್‌ಗೆ ಕೊಟ್ಟಾಗ "ಇದು ಹೋಗಿದೆ, ಬೇರೆ ಬ್ಲಾಕ್ ಹಾಕೋಣ" ಅಂದರೆ ಒಪ್ಪಬೇಡಿ. ಎಂಜಿನ್ ನಂಬರ್ ಬ್ಲಾಕ್ ಮೇಲೆ ಇರುವುದು, ಅದು ಆರ್‌ಸಿಯಲ್ಲಿ ಇರುವುದು. ಬ್ಲಾಕ್ ಬದಲಾದರೆ ಆರ್‌ಟಿಒದಲ್ಲಿ ಹೊಸ ನಂಬರ್ ಸೇರಿಸಬೇಕು. ಬೋರ್ ತುಂಬಾ ಸವೆದಿದ್ದರೆ ಸ್ಲೀವ್ (ಸಿಲಿಂಡರ್ ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಿ ಸ್ಟ್ಯಾಂಡರ್ಡ್ ಅಳತೆಗೆ ತರಬಹುದು.

ಗ್ರೀಸ್_ಕೈ · ಬೆಂಗಳೂರು

ಚೈನ್ ಬ್ಲಾಕ್ ಕೊಳ್ಳೋದಕ್ಕೆ ವಾಪಸ್ ಬರೋಣ. 1 ಟನ್, 3 ಮೀಟರ್ ಲಿಫ್ಟ್. ಅರ್ಧ ಟನ್ ಸಾಕಾಗುತ್ತೆ ಅಂತಾರೆ, ಬೆಲೆಯಲ್ಲಿ ವ್ಯತ್ಯಾಸ ಜಾಸ್ತಿ ಇಲ್ಲ, 1 ಟನ್ನೇ ತಗೊಳ್ಳಿ. ಐಎಸ್ 3832 ಅಂತ ಗುರುತು ಇದೆಯಾ ನೋಡಿ, ಕೈ ಚೈನ್ ಬ್ಲಾಕ್‌ಗೆ ಇರುವ ಮಾನದಂಡ ಅದು. ಬೆಂಗಳೂರಿಗೆ ಬರೋದಾದ್ರೆ ಎಸ್.ಜೆ.ಪಿ. ರಸ್ತೆ, ಎಸ್.ಪಿ. ರಸ್ತೆ ಕಡೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತೆ. ಮೈಸೂರಲ್ಲೂ ಸಿಗುತ್ತೆ, ಅಷ್ಟಕ್ಕೇ ಬಸ್ ಹತ್ತಬೇಡಿ.

ಅಂಗಡಿಯಲ್ಲೇ ಕೊಕ್ಕೆ ನೋಡಿ. ಬಾಯಿಗೆ ಅಡ್ಡ ಇರುವ ನಾಲಿಗೆ ಸ್ಪ್ರಿಂಗ್‌ನಿಂದ ಪಟ್ ಅಂತ ಮುಚ್ಚಬೇಕು. ಕೊಕ್ಕೆ ಭಾರಕ್ಕೆ ಗುಂಡಗೆ ತಿರುಗಬೇಕು. ಮನೆಗೆ ತಂದ ಮೇಲೆ ಮೊದಲು ಮರಳು ಮೂಟೆ ನಾಲ್ಕು ಕಟ್ಟಿ ಒಂದಡಿ ಎತ್ತಿ. ಪಕ್ಕದಲ್ಲಿ ಕಡ್ಡಿ ನೆಟ್ಟು ಗುರುತು ಹಾಕಿ, ಒಳಗೆ ಹೋಗಿ ಕಾಫಿ ಕುಡಿದು ಬನ್ನಿ. ಮೂಟೆ ಗುರುತಿನಿಂದ ಒಂದು ಕೂದಲು ಇಳಿದಿದ್ದರೂ ವಾಪಸ್ ಕೊಡಿ. ಚೈನ್‌ಗೆ ಎಣ್ಣೆ ಹಾಕಿ, ಆದರೆ ಒಳಗಿನ ಬ್ರೇಕ್ ಡಿಸ್ಕ್‌ಗೆ ಎಣ್ಣೆ ತಾಗಬಾರದು.

ಎತ್ತರ ಲೆಕ್ಕ ಹಾಕಿದ್ದೀರಾ? ಸಂಪ್ ತಳ ರೇಡಿಯೇಟರ್ ಮುಂದಿನ ಪಟ್ಟಿಯನ್ನು ದಾಟಬೇಕು. ಪಟ್ಟಿಯ ಎತ್ತರ, ಎಂಜಿನ್ ಎತ್ತರ, ಮೇಲೆ ಸ್ಲಿಂಗ್ (ಎಂಜಿನ್‌ಗೆ ಸುತ್ತಿ ಕೊಕ್ಕೆಗೆ ಹಾಕುವ ಬೆಲ್ಟ್), ಅದರ ಮೇಲೆ ಚೈನ್ ಬ್ಲಾಕ್ ಪೂರ್ತಿ ಮೇಲೆಳೆದಾಗ ಕೊಕ್ಕೆಯಿಂದ ಕೊಕ್ಕೆಗೆ ಉಳಿಯುವ ಅಂತರ. ನಾಲ್ಕನ್ನೂ ಟೇಪ್ ಹಿಡಿದು ಅಳೆದು ಕೂಡಿಸಿ. ಕಾಲು ಊರುವ ಗುಂಡಿ ಕಳೆದರೆ 2.5 ಮೀಟರ್ ಒಳಗೆ ಬರಬೇಕು. ಬಹಳ ಜನ ಸೋಲೋದು ಇಲ್ಲೇ. ಎಲ್ಲಾ ಬಿಚ್ಚಿ, ಎತ್ತಿ, ಕೊನೆಯ ಎರಡು ಇಂಚಿಗೆ ಬ್ಲಾಕ್ ಮೇಲೆ ಮುಟ್ಟಿ ನಿಲ್ಲುತ್ತೆ.

ಅಂಬಿ_ಮಾರ್ಕ್2 · ಮಂಗಳೂರು

ಗೇರ್‌ಬಾಕ್ಸ್ ಸಮೇತ ಎತ್ತಿ. ಹೊರಗೆ ಬಂದ ಮೇಲೆ ಬಿಚ್ಚುವುದು ಸುಲಭ. ವಾಪಸ್ ಕೂರಿಸುವಾಗ ಕ್ಲಚ್ ಹೊಂದಿಸುವ ಜಗಳವೂ ಇಲ್ಲ.

ಗ್ರೀಸ್_ಕೈ · ಬೆಂಗಳೂರು

ನಿಮ್ಮ ಕ್ರೇನ್‌ಗೆ ಅದು ಸರಿ. ತ್ರಿಪಾಡ್‌ಗೆ ಬೇಡ. ಗೇರ್‌ಬಾಕ್ಸ್ ಜೊತೆ ಬಂದರೆ ಮೂಗು ಮೇಲೆ, ಬಾಲ ಕೆಳಗೆ ಅಂತ ಓರೆ ಮಾಡಬೇಕು. ಎತ್ತರ ಇನ್ನೂ ಜಾಸ್ತಿ ಬೇಕು. ಗೇರ್‌ಬಾಕ್ಸ್ ಕಾರಲ್ಲೇ ಬಿಡಿ, ಬೆಲ್ ಹೌಸಿಂಗ್ ಕೆಳಗೆ ಜಾಕ್ ಇಟ್ಟು ಮೇಲೊಂದು ಮರದ ತುಂಡು ಇಡಿ. ಎಂಜಿನ್ ಅನ್ನು ನೇರವಾಗಿ ಮುಂದಕ್ಕೆ ಎಳೆಯಿರಿ. ಗೇರ್‌ಬಾಕ್ಸ್ ಶಾಫ್ಟ್ ಮೇಲೆ ಎಂಜಿನ್ ತೂಗಬಾರದು, ಕ್ಲಚ್ ಪ್ಲೇಟ್ ಬಾಗುತ್ತೆ. ವಾಪಸ್ ಹಾಕುವಾಗ ಕ್ಲಚ್ ಹೊಂದಿಸೋಕೆ ಗುಜರಿಯಿಂದ ಹಳೆ ಗೇರ್‌ಬಾಕ್ಸ್ ಶಾಫ್ಟ್ ಒಂದು ತಂದಿಟ್ಟುಕೊಳ್ಳಿ, ಅದಕ್ಕಿಂತ ಒಳ್ಳೆ ಟೂಲ್ ಇಲ್ಲ.

ಅಂಬಿ_ಮಾರ್ಕ್2 · ಮಂಗಳೂರು

ಓರೆಯ ಎತ್ತರ ನಾನು ಯೋಚಿಸಿರಲಿಲ್ಲ. ಆದರೂ ಕ್ರೇನ್ ಒಳ್ಳೆಯದು ಎಂದೇ ಹೇಳುತ್ತೇನೆ.

ಸಿವಿಲ್_ಲೆಕ್ಕ · ದಾವಣಗೆರೆ

ಸ್ಲಿಂಗ್ ಬಗ್ಗೆ: ಪಾಲಿಯೆಸ್ಟರ್ ಬೆಲ್ಟ್ ಸ್ಲಿಂಗ್ ತಗೊಳ್ಳಿ. ನೇರಳೆ ಬಣ್ಣ 1 ಟನ್, ಹಸಿರು 2 ಟನ್. ಅಂಚು ತಾಗುವ ಕಡೆ ಹಳೆ ಟ್ಯೂಬ್ ತುಂಡು ಸುತ್ತಿ. ಎರಡು ಕಾಲಿನ ಸ್ಲಿಂಗ್ ಗಿಡ್ಡ ಆಗಿ ಅಗಲವಾಗಿ ಹರಡಿದರೆ ಎಳೆತ ಜಾಸ್ತಿ ಆಗುತ್ತೆ. ನೆಲಕ್ಕೆ 30 ಡಿಗ್ರಿ ಕೋನ ಆದರೆ ಪ್ರತಿ ಕಾಲಿನ ಮೇಲೂ ಎಂಜಿನ್‌ನ ಪೂರ್ತಿ ತೂಕದಷ್ಟು ಎಳೆತ ಬೀಳುತ್ತೆ. 60 ಡಿಗ್ರಿ ಇಟ್ಟುಕೊಳ್ಳಿ.

ಕಾರ್ಬ್ಯುರೇಟರ್ ಸ್ಟಡ್, ಮ್ಯಾನಿಫೋಲ್ಡ್ ಸ್ಟಡ್‌ಗೆಲ್ಲ ಕೊಕ್ಕೆ ಹಾಕಬೇಡಿ. ನಿಮ್ಮದು ಅಲ್ಯೂಮಿನಿಯಂ ಹೆಡ್, ಥ್ರೆಡ್ ಕಿತ್ತುಕೊಂಡು ಬರುತ್ತೆ.

ಕೆಂಪು_ಫಿಯಟ್ · ಹುಬ್ಬಳ್ಳಿ

ನಾವು ಬೆಲ್ಟನ್ನು ಬ್ಲಾಕ್ ಸುತ್ತಲೇ ಹಾಕಿದ್ದು. ಒಂದು ಮುಂದಿನ ಮೌಂಟಿಂಗ್ (ಎಂಜಿನ್ ಕೂರುವ ಆಧಾರ) ಕೆಳಗೆ, ಇನ್ನೊಂದು ಹಿಂದೆ ಫ್ಲೈವೀಲ್ ಹತ್ತಿರ. ಹೆಡ್ ಮುಟ್ಟಲೇ ಇಲ್ಲ.

ತಮ್ಮಾ, ಇನ್ನೊಂದು ನೆನಪಿಡು. ಬ್ಯಾಟರಿ ಮೊದಲು ಬಿಚ್ಚು, ಪೆಟ್ರೋಲ್ ಪೈಪ್ ಬಾಯಿಗೆ ಬೋಲ್ಟ್ ಹಾಕಿ ಮುಚ್ಚು. ಬೋಲ್ಟ್‌ಗಳನ್ನು ಹಳೆ ಇಡ್ಲಿ ತಟ್ಟೆಯಲ್ಲಿ ಇಟ್ಟೆವು. ಒಂದೊಂದು ಗುಳಿಗೆ ಒಂದೊಂದು ಜಾಗದ ಬೋಲ್ಟ್, ಪಕ್ಕದಲ್ಲಿ ಚೀಟಿ. ಆರು ತಿಂಗಳಾದ ಮೇಲೆ ಕೂರಿಸಿದಾಗ ಒಂದೂ ತಪ್ಪಲಿಲ್ಲ. ಮತ್ತೆ ಚೈನ್ ಬಿಗಿಯಾಗಿ ಭಾರ ಮೌಂಟಿಂಗ್‌ನಿಂದ ಬಿಟ್ಟ ತಕ್ಷಣ ನಿಲ್ಲಿಸು. ಸುತ್ತ ಒಂದು ರೌಂಡ್ ನೋಡು, ಏನೋ ಒಂದು ಬಿಚ್ಚೋದು ಉಳಿದೇ ಇರುತ್ತೆ.

ಹಾಸನ_ಹುಡುಗ

ಇಷ್ಟೆಲ್ಲ ಇದೆ ಅಂತ ಗೊತ್ತಿರ್ಲಿಲ್ಲ. ಜೆಸಿಬಿ ಮಾತು ವಾಪಸ್ ತಗೊಂಡೆ.

ಅಪ್ಪನ_ಪದ್ಮಿನಿ · ಮೈಸೂರು

ಹನ್ನೆರಡು ದಿನ ಆದ ಮೇಲೆ ಬರೀತಿದ್ದೀನಿ. ಎಂಜಿನ್ ಇಳಿಯಿತು!

ತ್ರಿಪಾಡ್ ನಂಜನಗೂಡಿನ ಪಂಪ್‌ಸೆಟ್ ಅಂಗಡಿಯಲ್ಲಿ ಸಿಕ್ಕಿತು. ಎರಡು ದಿನಕ್ಕೆ 500. ಶಿರಾ ಅಣ್ಣ ಹೇಳಿದ ಹಾಗೆ ಪಿನ್ ಬಿಚ್ಚಿ ನೋಡಿದರೆ ನಿಜವಾಗಲೂ ನಡುವೆ ಸವೆದಿತ್ತು. ಹೊಸದು ಮಾಡಿಸಿದೆ, 250. ಅಂಗಡಿಯವರು ಆ ಪಿನ್ ಅಲ್ಲೇ ಇರಲಿ ಅಂತ ಅದರ ದುಡ್ಡು ಬಾಡಿಗೆಯಲ್ಲಿ ಕಳೆದರು. ಚೈನ್ ಬ್ಲಾಕ್ ಹೊಸದು 6,800. ಸ್ಲಿಂಗ್ ಎರಡು, ಶ್ಯಾಕಲ್ ಕೊಂಡಿ ಮೂರು ಸೇರಿ 1,100. ತ್ರಿಪಾಡ್ ತಂದ ಆಟೋ 600. ಒಟ್ಟು 9 ಸಾವಿರ.

ಭಾನುವಾರ ಬೆಳಗ್ಗೆ ಏಳಕ್ಕೆ ಶುರು ಮಾಡಿದೆವು. ನಾನು, ಭಾವ, ಪಕ್ಕದ ಮನೆಯ ಇಬ್ಬರು. ಸೈಲೆನ್ಸರ್ ಪೈಪಿನ ನಟ್ ತುಕ್ಕು ಹಿಡಿದು ಒಂದು ಗಂಟೆ ತಿಂದಿತು. ಹನ್ನೊಂದಕ್ಕೆ ಚೈನ್ ಎಳೆದೆವು. ಮೌಂಟಿಂಗ್ ಬಿಟ್ಟಿತು, ಅಕ್ಕ ಹೇಳಿದ ಹಾಗೆ ನಿಲ್ಲಿಸಿದೆ. ನೋಡಿದರೆ ಎಂಜಿನ್ ಬಲಕ್ಕೆ ವಾಲಿದೆ. ಬಗ್ಗಿ ಟಾರ್ಚ್ ಬಿಟ್ಟರೆ, ಬಾಡಿಗೂ ಎಂಜಿನ್‌ಗೂ ಇರುವ ಅರ್ತ್ ಪಟ್ಟಿ! ಹೆಣೆದ ತಾಮ್ರದ ಪಟ್ಟಿ, ಎಣ್ಣೆ ಮೆತ್ತಿಕೊಂಡು ಕಪ್ಪಾಗಿ ಕಾಣದ ಹಾಗೆ ಇತ್ತು. ಬಿಚ್ಚಿದ ತಕ್ಷಣ ಎಂಜಿನ್ ನೆಟ್ಟಗೆ ನಿಂತಿತು.

ಸಂಪ್ ಪಟ್ಟಿ ದಾಟಿದಾಗ ಮೇಲೆ ಚೈನ್ ಒಂದು ಗೇಣು ಉಳಿದಿತ್ತು. ನಾಲ್ಕು ಜನ ಕಾರನ್ನು ಹಿಂದಕ್ಕೆ ತಳ್ಳಿದೆವು, ಗಾಲಿಗೆ ಹಲಗೆ ಹಾಸಿದ್ದೆವು. ಎಂಜಿನ್ ಅನ್ನು ಹಳೆ ಲಾರಿ ಟೈರ್ ಮೇಲೆ ಕೂರಿಸಿದಾಗ 11:40. ಅಮ್ಮ ಪೋರ್ಟಿಕೊದಲ್ಲಿ ಕುರ್ಚಿ ಹಾಕಿಕೊಂಡು ಕೂತು ಪೂರ್ತಿ ನೋಡಿದರು.

ಗ್ರೀಸ್_ಕೈ · ಬೆಂಗಳೂರು

ಭಲೇ! ಹೆಡ್ ಬಿಚ್ಚಿದ್ರಾ? ಬೋರ್ ಈಗ ಯಾವ ಅಳತೆ? ಸ್ಟ್ಯಾಂಡರ್ಡ್ 68 ಮಿಮೀ ಇರಬೇಕು.

ಅಪ್ಪನ_ಪದ್ಮಿನಿ · ಮೈಸೂರು

ನಿನ್ನೆ ಬಿಚ್ಚಿದೆ. ಪಿಸ್ಟನ್ ತಲೆಯ ಮೇಲಿನ ಇಂಗಾಲ ಮರದ ಚಕ್ಕೆಯಿಂದ ಕೆರೆದರೆ 0.40 ಅಂತ ಒತ್ತಿದ ಅಂಕಿ ಕಾಣಿಸಿತು. ಅಂದ್ರೆ ಸ್ಟ್ಯಾಂಡರ್ಡ್‌ಗಿಂತ 0.40 ಮಿಮೀ ದೊಡ್ಡ ಪಿಸ್ಟನ್, ಅಪ್ಪ ಆಗಲೇ ಒಮ್ಮೆ ಬೋರಿಂಗ್ ಮಾಡಿಸಿದ್ದಾರೆ. ಅಮ್ಮನನ್ನು ಕೇಳಿದೆ. "ನೀನು ಮೂರನೇ ಕ್ಲಾಸಲ್ಲಿದ್ದಾಗ ಗಾಡಿ ಒಂದು ತಿಂಗಳು ಇರಲಿಲ್ಲ, ನಿನ್ನನ್ನ ಸೈಕಲ್ ಮೇಲೆ ಸ್ಕೂಲಿಗೆ ಬಿಡ್ತಿದ್ರು" ಅಂದರು. ಬಾನೆಟ್‌ನಲ್ಲಿದ್ದ ಸಾಲುಗಳಲ್ಲಿ ಇದೂ ಇತ್ತೇನೋ. ಮುಂದಿನ ಅಳತೆಯ ಪಿಸ್ಟನ್ ಹುಡುಕಬೇಕು. ಬೆಂಗಳೂರಲ್ಲಿ ಸಿಗುತ್ತಾ?

ಗ್ರೀಸ್_ಕೈ · ಬೆಂಗಳೂರು

ಜೆ.ಸಿ. ರಸ್ತೆಯಲ್ಲಿ ಹಳೆ ಅಂಗಡಿಗಳಲ್ಲಿ ಕೇಳಿ ನೋಡ್ತೀನಿ. ಮೊದಲು ಬೋರ್ ಅಳೆಸಿ, ಆಮೇಲೆ ಪಿಸ್ಟನ್ ಕೊಳ್ಳಿ. ಪಿಸ್ಟನ್ ಕೈಗೆ ಬರದೆ ಬೋರಿಂಗ್ ಮಾಡಿಸಬೇಡಿ, ಪಿಸ್ಟನ್ ಅಳತೆಗೆ ತಕ್ಕ ಹಾಗೆ ಬೋರ್ ಕೊರೀಬೇಕು.

ಹೊಸ_ಸ್ಪ್ಯಾನರ್

ಅಣ್ಣ, ನಾನು ಚಾಮರಾಜನಗರ. ಎಂಜಿನ್ ವಾಪಸ್ ಕೂರಿಸಿದ ಮೇಲೆ ಚೈನ್ ಬ್ಲಾಕ್ ಒಂದು ವಾರಕ್ಕೆ ಕೊಡ್ತೀರಾ? ಮಾವನ ಅಂಬಾಸಿಡರ್ ಇದೆ.

ಅಪ್ಪನ_ಪದ್ಮಿನಿ · ಮೈಸೂರು

ಕೊಡ್ತೀನಿ. ಸ್ಲಿಂಗೂ ತಗೊಂಡು ಹೋಗಿ. ಮೊದಲು ಎತ್ತರ ಅಳೆದು ಇಲ್ಲಿ ಬರೀರಿ.